ಐದು ಸಲ, ಎಪ್ಪತ್ತೈದು ಸಲ

ರಾಮನವಮಿಯ ದಿನ ರಾಮನಗರದ ಬೀದಿಗಳಲ್ಲಿ ಪಾನಕ ಮಾಡುವವರು ತಕ್ಕಡಿ ಹಿಡಿದು ಕೂರುವುದಿಲ್ಲ. ಕೊಳದಪ್ಪಲೆಯಲ್ಲಿ ಬೆಲ್ಲ ಕರಗಿಸಿ, ನಿಂಬೆಹಣ್ಣು ಹಿಂಡಿ, ಏಲಕ್ಕಿ ಮೆಣಸು ಕುಟ್ಟಿ ಹಾಕಿದ ಮೇಲೆ ಹಿರಿಯರೊಬ್ಬರು ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೋಡುತ್ತಾರೆ. 'ಇನ್ನೊಂದು ಬಿಂದಿಗೆ ನೀರು ಹಿಡಿಯುತ್ತೆ, ಸುರಿಯಪ್ಪ' ಅನ್ನುತ್ತಾರೆ. ಸುರಿದ ಮೇಲೆ ಅಲ್ಲಿರುವ ಬೆಲ್ಲ ಒಂದು ಚೂರೂ ಕಡಿಮೆಯಾಗಿಲ್ಲ, ಆದರೂ ಪಾನಕವೇ ಬೇರೆ. ನಾಲಿಗೆಗೆ ಬೇಕಾದದ್ದು ಬೆಲ್ಲ ಒಟ್ಟು ಎಷ್ಟಿದೆ ಎಂಬುದಲ್ಲ, ಎಷ್ಟು ನೀರಿಗೆ ಎಷ್ಟು ಎಂಬುದು. ಶಾಲೆಯ ಪುಸ್ತಕ ಇದನ್ನೇ ದ್ರಾವಣದ ಸಾರತೆ ಎಂದು ಕರೆಯುತ್ತದೆ.

ಆ ಬೆಲ್ಲ ಬಂದ ದಾರಿಯನ್ನು ನೆನೆದರೆ ನನಗೆ ಇನ್ನೂ ಬೆರಗು. ಕಬ್ಬಿನ ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಮಂಡ್ಯದ ಕಡೆಯ ಆಲೆಮನೆಯಲ್ಲಿ ಗಂಟೆಗಟ್ಟಲೆ ಬೆಂಕಿ ಉರಿದು ಆ ನೀರನ್ನು ಆವಿಯಾಗಿ ಓಡಿಸಿದ ಮೇಲೆ ಕೊಪ್ಪರಿಗೆಯಲ್ಲಿ ಪಾಕ ನಿಲ್ಲುತ್ತದೆ, ಅಚ್ಚಿಗೆ ಬಿದ್ದು ಬೆಲ್ಲವಾಗುತ್ತದೆ. ಬೆಂಕಿ ಕಸಿದುಕೊಂಡ ನೀರನ್ನು ನಾವು ರಾಮನಗರದಲ್ಲಿ ಬಿಂದಿಗೆಯಿಂದ ಹಿಂದಿರುಗಿಸಿ ಪಾನಕವೆಂದು ಕುಡಿಯುತ್ತೇವೆ.

ಹೀಗೆ ನೀರು ಸುರಿಯುತ್ತಲೇ ಹೋದರೆ? 200 ಮಿಲಿಲೀಟರಿನ ಒಂದು ಲೋಟ ಪಾನಕದಲ್ಲಿ 20 ಗ್ರಾಂ ಸಕ್ಕರೆ ಇದೆ ಎಂದುಕೊಳ್ಳೋಣ. ಅರ್ಧ ಲೋಟ ತೆಗೆದು ಅಷ್ಟೇ ನೀರು ತುಂಬಿಸಿದರೆ ಉಳಿಯುವುದು 10 ಗ್ರಾಂ. ಮತ್ತೊಮ್ಮೆ ಮಾಡಿದರೆ 5, ಆಮೇಲೆ ಎರಡೂವರೆ, ಆಮೇಲೆ ಒಂದೂಕಾಲು. ಐದನೆಯ ಸಲಕ್ಕೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು, ಅಂದರೆ ಲೀಟರಿಗೆ ಸುಮಾರು 3 ಗ್ರಾಂ. ಸಾಮಾನ್ಯವಾಗಿ ನಮ್ಮ ನಾಲಿಗೆ ಸೋಲುವುದು ಇಲ್ಲಿಯೇ. ಇನ್ನು ಮುಂದಿನದೆಲ್ಲ ಅದಕ್ಕೆ ಬರೀ ನೀರು.

ಆದರೆ ಸಕ್ಕರೆ ಸೋತಿಲ್ಲ. ಮೊದಲ ಲೋಟದಲ್ಲಿದ್ದ ಸಕ್ಕರೆಯ ಅಣುಗಳನ್ನು ಬರೆಯಬೇಕಾದರೆ 35ರ ಮುಂದೆ 21 ಸೊನ್ನೆ ಹಾಕಬೇಕು. ಅರ್ಧ, ಅದರರ್ಧ ಎಂದು ಇಳಿಸುತ್ತ ಹೋದರೆ ಲೋಟದಲ್ಲಿ ಒಂದೇ ಒಂದು ಅಣು ಉಳಿಯುವ ಹಂತ ಮುಟ್ಟುವುದು ಸುಮಾರು ಎಪ್ಪತ್ತೈದನೆಯ ಸಲಕ್ಕೆ. ಐದಕ್ಕೆ ಕೈಚೆಲ್ಲಿದ ನಾಲಿಗೆ, ಎಪ್ಪತ್ತೈದರ ತನಕ ಅಲ್ಲೇ ಇರುವ ವಸ್ತು. ನಡುವಿನ ಎಪ್ಪತ್ತು ಮೆಟ್ಟಿಲು ನಮ್ಮ ಯಾವ ಇಂದ್ರಿಯಕ್ಕೂ ದಕ್ಕದ ಲೋಕ. ಈ ಲೆಕ್ಕ ಮೊದಲ ಸಲ ಕೈಗೆ ಬಂದಾಗ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ.

ಚನ್ನಪಟ್ಟಣದ ಹೆದ್ದಾರಿ ಬದಿಯ ಎಳನೀರಿನವರು ಕಾಯಿ ಬಡಿದು ಸದ್ದಿನಲ್ಲೇ ಒಳಗಿನ ಹದ ಹೇಳುತ್ತಾರೆ. ತೀರಾ ಎಳೆಯದರಲ್ಲಿ ಸಿಹಿ ಕಡಿಮೆ, ಗಂಜಿ ಕಟ್ಟುವ ಹೊತ್ತಿಗೆ ಏರುತ್ತದೆ, ಬಲಿತ ಮೇಲೆ ಮತ್ತೆ ಇಳಿಯುತ್ತದೆ. ಇದೆಲ್ಲ ಕಿವಿ, ನಾಲಿಗೆಗಳ ಪಾಂಡಿತ್ಯ. ಹಾಲಿನ ವಿಷಯ ಬಂದಾಗ ಮಾತ್ರ ಇವೆರಡೂ ಸಾಲವು. ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ಬೆಳಗ್ಗೆ ಡೈರಿಗೆ ಹಾಲು ಹಾಕುವವರ ಬಾಯಲ್ಲಿ ಎರಡು ಮಾತು: ಡಿಗ್ರಿ, ಫ್ಯಾಟು. ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆಯನ್ನು ಹಾಲಿಗೆ ಬಿಟ್ಟರೆ ಅದು ತೇಲಿ ಒಂದು ಗೆರೆಯಲ್ಲಿ ನಿಲ್ಲುತ್ತದೆ. ನೀರು ಬೆರೆತಿದ್ದರೆ ಹಾಲು ಹಗುರ, ಕೊಳವೆ ಇನ್ನಷ್ಟು ಮುಳುಗುತ್ತದೆ, ಡಿಗ್ರಿ ಬರುವುದಿಲ್ಲ. ಇದರಲ್ಲೊಂದು ಸೂಕ್ಷ್ಮವಿದೆ. ಕೊಬ್ಬು ನೀರಿಗಿಂತ ಹಗುರವಾದ್ದರಿಂದ ಕೆನೆ ತೆಗೆದ ಹಾಲಿನ ಡಿಗ್ರಿ ಏರುತ್ತದೆ. ಆಮೇಲೆ ಹದವಾಗಿ ನೀರು ಬೆರೆಸಿದರೆ ಸರಿಯಾದ ಗೆರೆಗೇ ಬಂದು ನಿಲ್ಲುತ್ತದೆ. ಅದಕ್ಕೇ ಫ್ಯಾಟನ್ನು ಬೇರೆಯಾಗಿ ಅಳೆಯಬೇಕು. ಒಂದು ಅಳತೆಗೆ ಒಂದೇ ಕಣ್ಣು.

ಅದೇ ಲೋಟ ಪಾನಕವನ್ನು ರಾಮನಗರದಲ್ಲಿ ಅರ್ಕಾವತಿಗೆ ಸುರಿದೆವೆನ್ನಿ. ನದಿ ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ, ಕಾವೇರಿ ಕಡಲನ್ನು. ಜಗತ್ತಿನ ಎಲ್ಲ ಸಾಗರಗಳಲ್ಲೂ ಆ ಸಕ್ಕರೆ ಸಮನಾಗಿ ಬೆರೆಯಿತೆಂದು ಲೆಕ್ಕ ಹಾಕಿದರೆ, ಯಾವ ದಡದಲ್ಲಿ ಒಂದು ಲೀಟರ್ ನೀರು ಮೊಗೆದರೂ ನಮ್ಮ ಲೋಟದ ಇಪ್ಪತ್ತೈದರಷ್ಟು ಅಣುಗಳು ಸಿಗಬೇಕು.

ನಿಜದಲ್ಲಿ ಸಿಗವು. ಸಕ್ಕರೆಯನ್ನು ನೀರಿನ ಸೂಕ್ಷ್ಮಜೀವಿಗಳು ದಾರಿಯಲ್ಲೇ ತಿಂದು ಮುಗಿಸುತ್ತವೆ. ಸೀಸವನ್ನು ಹಾಗೆ ತಿಂದು ಮುಗಿಸುವ ಬಾಯಿ ಯಾವುದೂ ಇಲ್ಲ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿಯನ್ನೇ ಕೂಡಿಕೊಳ್ಳುತ್ತದೆ. ಮಳೆ ಬಂದರೆ ತಿಳಿಯಾಗುತ್ತದೆ ಎನ್ನುವವರಿದ್ದಾರೆ. ಕಣ್ಣಿಗೆ ಆಗುತ್ತದೆ, ಹೌದು. ಆದರೆ ಕುಡಿಯುವ ನೀರಿನಲ್ಲಿ ಸೀಸಕ್ಕೆ ನಮ್ಮ ದೇಶದ ಮಾನಕ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನಾಲಿಗೆ ಸಕ್ಕರೆಯನ್ನು ಗುರುತಿಸಲಾರದೆ ಸೋಲುವ ಪ್ರಮಾಣಕ್ಕಿಂತ ಮೂರು ಲಕ್ಷ ಪಟ್ಟು ಕಡಿಮೆ. ಬೈರಮಂಗಲದ ನೀರಿನಲ್ಲಿ ಸೀಮೆಹುಲ್ಲು ಬೆಳೆಯುತ್ತದೆ, ಹಸುಗಳು ಅದನ್ನು ಮೇಯುತ್ತವೆ, ಹಾಲು ಡೈರಿಗೆ ಬರುತ್ತದೆ. ಡಿಗ್ರಿ ಸರಿಯಾಗಿಯೇ ಬರುತ್ತದೆ, ಫ್ಯಾಟೂ ಬರುತ್ತದೆ. ನೀರಿನೊಡನೆ ಬಂದ ಲೋಹವನ್ನು ಹುಡುಕಬೇಕಾದರೆ ಬೇರೆಯದೇ ಅಳತೆ ಬೇಕು, ಅದು ಪ್ರಯೋಗಾಲಯದಲ್ಲಿದೆ. ಹಾಲು ಹಾಕಲು ಸಾಲು ನಿಲ್ಲುವ ಹಳ್ಳಿಗೆ ಅದು ಬರಬೇಕೆಂದು ನಾನು ಕೇಳುತ್ತಲೇ ಇರುತ್ತೇನೆ.