ವ್ಯಸನವನ್ನು ದಾನ ಮಾಡಬಹುದೇ?

ವ್ಯಸನವು ಮನುಷ್ಯನನ್ನು ಹಿಡಿಯುವದೋ, ಮನುಷ್ಯನು ವ್ಯಸನವನ್ನು ಹಿಡಿಯುವನೋ ಎಂಬುದು ಮೊದಲು ವಿಚಾರಿಸತಕ್ಕ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳಲ್ಲಿ ಯಾವ ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳಿದರೂ ‘ಅವನಿಗೆ ಕುಡಿತದ ಚಟ ಹತ್ತಿದೆ’, ‘ತಂಬಾಕು ಅವನನ್ನು ಬಿಡಲೊಲ್ಲದು’ ಎಂಬ ಮಾತುಗಳೇ ಕೇಳಿಬರುವವು. ಈ ವಾಕ್ಯಗಳಲ್ಲಿ ಮನುಷ್ಯನು ಒಮ್ಮೆ ಚತುರ್ಥಿಯಲ್ಲಿ ನಿಂತಿರುವನು, ಒಮ್ಮೆ ದ್ವಿತೀಯೆಯಲ್ಲಿ ನಿಂತಿರುವನು. ಪ್ರಥಮೆಯಲ್ಲಿ ಮಾತ್ರ ಎಂದೂ ಇಲ್ಲ. ಆ ಪೀಠವನ್ನು ಚಟವೇ ಏರಿ ಕುಳಿತಿದೆ. ಸ್ವತಂತ್ರನಾದವನೇ ಕರ್ತೃವೆಂದು ಪಾಣಿನಿಯು ಲಕ್ಷಣವನ್ನು ಮಾಡಿರುವನು. ಹಾಗಾದರೆ ನಾವು ಬಾಯಿ ತೆರೆದ ಕೂಡಲೆ ನಮ್ಮ ಸ್ವಾತಂತ್ರ್ಯವನ್ನು ತಂಬಾಕಿನ ಚಂಚಿಗೂ ಮದ್ಯದ ಬಾಟಲಿಗೂ ಒಪ್ಪಿಸಿಬಿಟ್ಟೆವಲ್ಲವೆ? ವ್ಯಾಕರಣವನ್ನು ಪಾಠ ಹೇಳಿ ಹೊಟ್ಟೆ ಹೊರೆದವನಿಗೆ ಎಲ್ಲೆಲ್ಲಿಯೂ ವಿಭಕ್ತಿಯೇ ಕಾಣುವದೆಂದು ವಾಚಕರು ನಗಬಹುದು. ನಗಲಿ. ಆದರೆ ಚಟವನ್ನು ಬಿಡಬೇಕೆನ್ನುವವನು ಮೊದಲು ‘ನಾನು ಕುಡಿಯುತ್ತೇನೆ’ ಎಂದು ಹೇಳಲು ಕಲಿಯದ ಹೊರತು ಮುಂದಿನ ಹೆಜ್ಜೆಯೇ ಇಲ್ಲ.

ಹೊರಗಿನ ಶಕ್ತಿಯಿಂದ ಚಟವನ್ನು ಬಿಡಿಸುವ ಪ್ರಯತ್ನಗಳು ನಮ್ಮ ನಾಡಿನಲ್ಲಿ ನಡೆಯದೆ ಇಲ್ಲ. 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ಪಾನನಿರೋಧದ ಕಾನೂನು ಆಯಿತು. 1956ರ ವರೆಗೆ ಆ ರಾಜ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೂ ಅದು ಅನ್ವಯಿಸಿತು. ಕರ್ನಾಟಕದಲ್ಲಿ 2007ರ ಜುಲೈ ತಿಂಗಳಿಂದ ಸಾರಾಯಿಯನ್ನೂ, 2013ರಲ್ಲಿ ಗುಟಖಾವನ್ನೂ ಸರಕಾರದವರು ನಿಷೇಧಿಸಿದರು. ಇವು ವ್ಯರ್ಥವೆಂದು ನಾನು ಹೇಳಲಾರೆ. ಆದರೆ ಗುಟಖಾ ನಿಂತ ಮೇಲೆ ಪಾನಮಸಾಲೆಯ ಪಾಕೀಟು ಬೇರೆ, ತಂಬಾಕಿನ ಪಾಕೀಟು ಬೇರೆಯಾಗಿ ಬಂದು ಎರಡೂ ಒಂದೇ ಬಾಯಿಯಲ್ಲಿ ಕೂಡಿದ್ದನ್ನು ಎಲ್ಲರೂ ಬಲ್ಲರು. ಕಾನೂನು ಅಂಗಡಿಯ ಬಾಗಿಲವನ್ನು ಮುಚ್ಚಬಲ್ಲದು. ಅಂಗಡಿಯತ್ತ ತಿರುಗುವ ಕಾಲನ್ನು ಹಿಡಿಯುವ ಕೈ ಅದಕ್ಕಿಲ್ಲ.

ಇನ್ನೊಂದು ಮಾರ್ಗವನ್ನು ಹಿಡಿದವರು ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಶಿವಯೋಗಿಗಳು. ಇಳಕಲ್ಲು ಈಗ ಬಾಗಲಕೋಟೆ ಜಿಲ್ಲೆಯಲ್ಲಿದ್ದರೂ 1997ರ ವರೆಗೆ ನಮ್ಮ ಜಿಲ್ಲೆಯ ಊರೇ. ಮುದ್ದೇಬಿಹಾಳದವರಿಗೆ ಕೃಷ್ಣೆಯನ್ನು ದಾಟಿದರೆ ನೆರೆಮನೆ. 1930ರ ಆಗಸ್ಟ್ 1ರಂದು ಜನಿಸಿದ ಈ ಸ್ವಾಮಿಗಳು 1975ರಲ್ಲಿ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಜನರ ಬಳಿಗೆ ಹೊರಟರು. ಸ್ವಾಮಿಗಳು ಜೋಳಿಗೆ ಹಾಕುವದು ಹೊಸದಲ್ಲ, ಬೇಡಿದ್ದು ಹೊಸದು. ಕಾಳು ಬೇಡಲಿಲ್ಲ, ಕಾಸು ಬೇಡಲಿಲ್ಲ, ನಿಮ್ಮ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರೆಂದು ಬೇಡಿದರು. ಇದಕ್ಕೆ ‘ಮಹಾಂತ ಜೋಳಿಗೆ’ಯೆಂಬ ಹೆಸರಾಯಿತು. 2018ರಲ್ಲಿ ಲಿಂಗೈಕ್ಯರಾಗುವ ವರೆಗೆ ಅವರು ಈ ಬೇಡಿಕೆಯನ್ನು ಬಿಡಲಿಲ್ಲ. ಅವರು ಹುಟ್ಟಿದ ದಿವಸವನ್ನು ಕರ್ನಾಟಕ ಸರಕಾರದವರು ವ್ಯಸನಮುಕ್ತ ದಿನವೆಂದು ಆಚರಿಸುವರು.

ಇಲ್ಲಿ ಒಬ್ಬ ಶಾಸ್ತ್ರಜ್ಞನು ಎದ್ದುನಿಂತು ಆಕ್ಷೇಪವನ್ನು ಮಾಡಬಹುದು. ಹಾಲು ಬತ್ತಿದ ಮುದಿ ಗೋವುಗಳನ್ನು ದಾನ ಕೊಡುವ ತಂದೆಯನ್ನು ಕಂಡು ನಚಿಕೇತನು ವ್ಯಥೆಪಟ್ಟ ಕಥೆಯು ಕಠೋಪನಿಷತ್ತಿನಲ್ಲಿದೆ. ಕೆಲಸಕ್ಕೆ ಬಾರದ ವಸ್ತುವನ್ನು ಕೊಟ್ಟವನಿಗೆ ಸುಖವಿಲ್ಲದ ಲೋಕವೇ ಗತಿಯೆಂದು ಆ ಬಾಲಕನ ಭಾವನೆ. ಹೀಗಿರಲು, ಮದ್ಯಪಾನದಂಥ ಹೊಲಸನ್ನು ಯತಿಯ ಜೋಳಿಗೆಗೆ ಹಾಕುವದು ದಾನವಾದೀತೆ? ಆಕ್ಷೇಪವು ಗಟ್ಟಿಯಾಗಿದೆ. ಆದರೆ ಮುದಿ ಗೋವನ್ನು ಕೊಟ್ಟ ತಂದೆಯು ಕಳೆದುಕೊಂಡದ್ದೇನು? ಮೇವಿನ ಖರ್ಚನ್ನು ಮಾತ್ರ. ಕುಡುಕನಾದರೋ ತನ್ನ ಪ್ರಪಂಚದಲ್ಲೆಲ್ಲ ಪ್ರಿಯವಾದದ್ದನ್ನು, ಹೆಂಡತಿಯ ಕೊರಳ ತಾಳಿಗಿಂತಲೂ ಹೆಚ್ಚೆಂದು ಎಣಿಸಿದ್ದನ್ನು ಎತ್ತಿ ಕೊಡುತ್ತಾನೆ. ದಾನದ ತೂಕವನ್ನು ಕೊಳ್ಳುವವನ ಲಾಭದಿಂದಲ್ಲ, ಕೊಡುವವನ ಕರುಳಿನಿಂದ ಅಳೆಯಬೇಕೆಂದು ನನಗೆ ತೋರುವದು.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನುಂಟುಮಾಡುವದೇ ದಾನವೆಂದು ಶಾಸ್ತ್ರಕಾರರ ಅಭಿಪ್ರಾಯ. ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು. ಜೋಳಿಗೆಯ ಮುಂದೆ ನಿಂತವನು ‘ಚಟ ನನ್ನನ್ನು ಹಿಡಿದಿದೆ’ ಎಂದರೆ ಭಿಕ್ಷೆ ಬೀಳಲಾರದು. ‘ಇದು ನನ್ನದು, ನಾನು ಕೊಟ್ಟೆ’ ಎನ್ನಬೇಕು. ಆಗ ಅವನು ಕರ್ತೃ, ಚಟವು ಕರ್ಮ, ಜೋಳಿಗೆಯು ಸಂಪ್ರದಾನ. ಮತ್ತು ಒಮ್ಮೆ ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳುವದಕ್ಕೆ ದತ್ತಾಪಹಾರವೆಂದು ಹೆಸರು. ಅದಕ್ಕೆ ನಮ್ಮ ಹಳ್ಳಿಯ ಅಕ್ಷರವರಿಯದ ಅಜ್ಜಿಯೂ ಅಂಜುವಳು.

ಈ ಅಂಜಿಕೆಯಲ್ಲಿಯೇ ಒಂದು ಅಪಾಯವೂ ಅಡಗಿದೆ. ದೇವರ ಮುಂದೆಯೋ ಮಗನ ತಲೆಯ ಮೇಲೆ ಕೈಯಿಟ್ಟೋ ಆಣೆ ಮಾಡಿದವನು ಮೂರು ತಿಂಗಳು ಶುದ್ಧನಾಗಿದ್ದು, ಯಾವುದೋ ಮದುವೆಯಲ್ಲಿ ಒಂದು ಗುಟುಕು ಕುಡಿಯುತ್ತಾನೆ. ಕೂಡಲೆ ‘ಆಣೆ ಮುರಿಯಿತು, ಇನ್ನೇನು ಉಳಿಯಿತು?’ ಎಂದು ಆ ರಾತ್ರಿ ಹಿಂದೆಂದೂ ಕುಡಿಯದಷ್ಟು ಕುಡಿಯುತ್ತಾನೆ. ಅವನನ್ನು ಕೆಡಿಸಿದ್ದು ಮೊದಲಿನ ಗುಟುಕಿಗಿಂತ ಈ ತರ್ಕವೇ ಹೆಚ್ಚು. ಪತಂಜಲಿಯು ಅಭ್ಯಾಸವು ದೃಢವಾಗಬೇಕಾದರೆ ದೀರ್ಘಕಾಲ, ನಿರಂತರವಾಗಿ, ಆದರದಿಂದ ನಡೆಯಬೇಕೆಂದು ಹೇಳಿದ್ದಾನೆ. ನಿರಂತರವೆಂದ ಮೇಲೆ ಒಂದು ದಿನದ ಅಂತರವೂ ಸಲ್ಲದೆಂದು ಅರ್ಥವೆ? ಲಂಡನ್ ನಗರದ ಸಂಶೋಧಕರು 96 ಜನರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವಿಚಾರವು ಇಲ್ಲಿ ನೆನಪಾಗುವದು. ಹೊಸದೊಂದು ಒಳ್ಳೆಯ ರೂಢಿಯು ತಾನಾಗಿ ನಡೆಯುವಂತಾಗಲು ಒಬ್ಬನಿಗೆ 18 ದಿನ ಸಾಕಾದರೆ ಮತ್ತೊಬ್ಬನಿಗೆ 254 ದಿನ ಬೇಕಾಗುವವೆಂದೂ, ನಡುವಣ ಸಂಖ್ಯೆ 66 ಎಂದೂ ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದವರ ರೂಢಿಯು ಅದರಿಂದ ಹೇಳಿಕೊಳ್ಳುವಷ್ಟು ಕೆಡಲಿಲ್ಲವಂತೆ. ಅದು ರೂಢಿಯನ್ನು ಕಟ್ಟುವ ಮಾತು, ಬಿಡುವ ಮಾತಲ್ಲವೆಂಬುದು ನಿಜ. ಕುಡಿತವನ್ನು ಬಿಟ್ಟವನಿಗೆ ಒಂದು ಗುಟುಕು ಒಂದು ದಿನದ ಮರೆವಿನಷ್ಟು ಹಗುರವೂ ಅಲ್ಲ. ಆದರೂ ಪತಂಜಲಿಯ ನೈರಂತರ್ಯವನ್ನು ‘ಎಂದೂ ಬೀಳದಿರುವದು’ ಎಂದು ಅರ್ಥೈಸುವದಕ್ಕಿಂತ ‘ಏಳುವದನ್ನು ಎಂದೂ ಬಿಡದಿರುವದು’ ಎಂದು ಅರ್ಥೈಸುವದೇ ಲೇಸು. ವ್ರತಭಂಗಕ್ಕೆ ಪ್ರಾಯಶ್ಚಿತ್ತವನ್ನು ವಿಧಿಸಿದ ಶಾಸ್ತ್ರವು ವ್ರತವನ್ನೇ ಬಿಟ್ಟುಬಿಡೆಂದು ಹೇಳಿಲ್ಲ.

ಎರೆಹೊಲದ ಕರಕಿಯನ್ನು ಬಲ್ಲವರಿಗೆ ಈ ಅರ್ಥವು ವಿಚಿತ್ರವೆನಿಸದು. ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆದು ಬೇರುಗಳನ್ನು ಆರಿಸಿ ಬದುವಿನಾಚೆ ಒಗೆದರೂ, ಮಳೆ ಬಿದ್ದೊಡನೆ ಉಳಿದ ಒಂದು ಗೆಣ್ಣಿನಿಂದ ಅದು ತಿರುಗಿ ಚಿಗುರುವದು. ಅದಕ್ಕೆ ಯಾವ ಒಕ್ಕಲಿಗನೂ ಹೊಲವನ್ನು ಬಿಟ್ಟು ಬಂದಿಲ್ಲ. ಕುಂಟೆ ಹೂಡುತ್ತಾನೆ, ಅಷ್ಟೆ. ಬರಿದಾದ ಹೊಲವನ್ನು ಬರಿದಾಗಿಯೇ ಬಿಡುವದೂ ಇಲ್ಲ, ಬಿತ್ತುತ್ತಾನೆ.

ಸಿಂದಗಿಯ ಕಡೆಯ ಒಬ್ಬ ಹಿರಿಯ ಒಕ್ಕಲಿಗನನ್ನು ನಾನು ಬಲ್ಲೆ. ನಲವತ್ತು ವರುಷ ತಂಬಾಕು ತಿಂದವನು. ಬಿಡುವ ನಿಶ್ಚಯವಾದ ಮೇಲೂ ಅವನ ಸೊಂಟದಲ್ಲಿ ಚಂಚಿಯು ಹಾಗೆಯೇ ತೂಗುತ್ತಿತ್ತು. ಇದೇನೆಂದು ಕೇಳಿದೆ. “ಬಾಯಿ ಸುಮ್ಮಕುಂಡ್ರತೈತ್ರಿ ಮಾಸ್ತರ್ರ, ಕೈ ಕುಂಡ್ರಂಗಿಲ್ರಿ” ಎಂದು ಚಂಚಿಯನ್ನು ಬಿಚ್ಚಿ ತೋರಿಸಿದನು. ಒಳಗೆ ಅಜವಾನ, ನಾಲ್ಕು ಕಾಳು ಪುಠಾಣಿ. ತಂಬಾಕಿನ ಹೊತ್ತಿಗೆ ಅಜವಾನವನ್ನೇ ಅಂಗೈಯಲ್ಲಿ ತಿಕ್ಕುತ್ತಿದ್ದನು. ಕೆಟ್ಟ ಭಾವನೆ ಬಾಧಿಸಿದಾಗ ಅದಕ್ಕೆ ಪ್ರತಿಪಕ್ಷವನ್ನು ಭಾವಿಸಬೇಕೆಂಬ ಯೋಗಶಾಸ್ತ್ರದ ಉಪದೇಶವನ್ನು ಅವನು ಕೇಳಿರಲಿಕ್ಕಿಲ್ಲ. ಕೈಗೆ ಬೇರೆ ಕೆಲಸ ಕೊಡದೆ ಮನಸ್ಸು ತೆರವಾಗದೆಂಬುದನ್ನು ಮಾತ್ರ ಚೆನ್ನಾಗಿ ಅರಿತಿದ್ದನು. ಎರಡು ಸಲ ತಪ್ಪಿದನಂತೆ. ಅದನ್ನೂ ನಾಚದೆ ಹೇಳಿದನು.

ಮನೋನಿಗ್ರಹದ ಮಾತನ್ನಾಡುವಾಗ ದೇಹವನ್ನು ಮರೆಯಬಾರದು. ತಂಬಾಕನ್ನು ಬಿಟ್ಟವನಿಗೆ ಮೊದಲಿನ ಮೂರು ನಾಲ್ಕು ದಿನ ಸಿಟ್ಟು, ತಳಮಳ, ನಿದ್ದೆಗೇಡು ಬಲವಾಗಿದ್ದು, ಕೆಲವು ವಾರಗಳಲ್ಲಿ ಇಳಿಯುವವು. ಅಂಥವರಿಗೆ ನೆರವಾಗಲೆಂದು ಸರಕಾರದವರು 1800-11-2356 ಎಂಬ ದೂರವಾಣಿಯನ್ನು ಇಟ್ಟಿರುವರು. ಆದರೆ ಬಹುವರ್ಷಗಳಿಂದ ದಿನವೂ ವಿಪರೀತ ಕುಡಿದವನು ಒಮ್ಮೆಲೆ ನಿಲ್ಲಿಸಿದರೆ ಕೈನಡುಕ, ಫಿಟ್ಸು, ಮತಿಭ್ರಮೆಗಳು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕಿ ‘ನಿಗ್ರಹ ಮಾಡು’ ಎನ್ನುವದು ಕ್ರೌರ್ಯವು. ಮೊದಲು ವೈದ್ಯರ ಬಳಿಗೆ ಒಯ್ಯತಕ್ಕದ್ದು.

ಇನ್ನು ಮನೆಯವರ ಮಾತು. ಬಿಟ್ಟವನನ್ನು ದಿನವೂ ಮೂಸಿನೋಡುವ ಮನೆಗಳುಂಟು; ಬೆಳಿಗ್ಗೆ ಎದ್ದವನಿಗೆ ಹಿಂದಿನ ಹತ್ತು ವರುಷಗಳ ಲೆಕ್ಕವನ್ನು ಚಹದ ಜೊತೆಗೇ ಕೊಡುವ ಮನೆಗಳೂ ಉಂಟು. ನನಗೆ ಮೆಚ್ಚಿಕೆಯಾದದ್ದು ಆ ಒಕ್ಕಲಿಗನ ಮನೆಯ ಕ್ರಮ. ಅವನ ಸೊಸೆಯು ಅಡಿಗೆಮನೆಯ ಗೋಡೆಯ ಮೇಲೆ ದಿನಕ್ಕೊಂದರಂತೆ ಸುಣ್ಣದ ಗೆರೆಯನ್ನು ಎಳೆಯುತ್ತಿದ್ದಳು. ಮಾವನು ತಪ್ಪಿದ ಎರಡು ದಿವಸ ಗೆರೆಯನ್ನು ಎಳೆಯದೆ ಅಷ್ಟೇ ಜಾಗವನ್ನು ಖಾಲಿ ಬಿಟ್ಟು, ಮರುದಿನ ಮುಂದಿನ ಗೆರೆಯನ್ನು ಎಳೆದಳು. ಹಿಂದಿನ ಗೆರೆಗಳನ್ನು ಅಳಿಸಲಿಲ್ಲ.