ಆನೆ ಬಂದ ಗದ್ದೆಗೆ ಎಷ್ಟು ಬೆಲೆ?

ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಸ್ಕ್ವೇರ್ ಫೀಟ್ ಲೆಕ್ಕ ನಡೀತಿತ್ತು. ಈಗ ಎಕರೆ ಲೆಕ್ಕ. ಸಕಲೇಶಪುರದಲ್ಲಿ ಎಷ್ಟು, ಮೂಡಿಗೆರೆಯಲ್ಲಿ ಎಷ್ಟು, ಹಳ್ಳ ಪಕ್ಕದಲ್ಲೇ ಇದ್ರೆ ಎಷ್ಟು ಜಾಸ್ತಿ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದವು. ಅಲ್ಲಿಯವರೆಗೆ ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಕೊಳ್ಳಬಹುದಾ ಅನ್ನೋ ಪ್ರಶ್ನೆಗೆ ಹೀಗೆ ಕಾನೂನೇ ಉತ್ತರ ಕೊಟ್ಟಾಯ್ತು. ಎಷ್ಟಕ್ಕೆ ಕೊಂಡರೆ ನ್ಯಾಯ ಅನ್ನೋದು ಮಾತ್ರ ನಮ್ಮ ತಲೆಗೇ ಬಿಟ್ಟ ವಿಷಯ.

“ಇಬ್ಬರೂ ಒಪ್ಪಿದ್ದೇ ನ್ಯಾಯವಾದ ಬೆಲೆ, ಇದ್ರಲ್ಲಿ ಯೋಚಿಸೋಕೆ ಏನಿದೆ?” ಅಂತ ಗೆಳೆಯನೊಬ್ಬ ಕೇಳಿದ. ಹಳೇ ಬೈಕು ಮಾರುವಾಗ ಈ ಮಾತು ಸರಿ. ಜಮೀನಿಗೂ ಸರಿಯಾ?

ನಾವು ಮೂವರು ಸೇರಿ ನೋಡುತ್ತಿರುವುದು ಸಕಲೇಶಪುರ ತಾಲ್ಲೂಕಿನ ಎರಡು ಎಕರೆ. ಮೇಲ್ಗಡೆ ಒಂದಿಷ್ಟು ಕಾಫಿ ಗಿಡ, ಕೆಳಗೆ ಬೀಳು ಬಿದ್ದ ಗದ್ದೆ. ಆ ಭಾಗದಲ್ಲಿ ಎಷ್ಟೋ ಗದ್ದೆಗಳು ಹೀಗೇ ಇವೆ. ನಾಟಿಗೆ ಆಳು ಸಿಗಲ್ಲ, ಸಿಕ್ಕಿ ನೆಟ್ಟರೂ ತೆನೆ ಹಾಲುಗಟ್ಟೋ ಹೊತ್ತಿಗೆ ಆನೆ ಬರುತ್ತೆ. ಒಂದು ರಾತ್ರಿ ಸಾಕು. ಬ್ರೋಕರ್ ನಮ್ಮನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ: “ಆನೆ ಕಾಟ ಇದೆ ಅಂತ ಹೇಳಿ ಸಾರ್, ಎಕರೆಗೆ ಮೂರು ಲಕ್ಷ ಇಳೀತದೆ.” ಅದೇ ಬ್ರೋಕರ್ ಬೆಂಗಳೂರಿನವರಿಗೆ ಕಳಿಸುವ ವಾಟ್ಸಾಪ್ ಮೆಸೇಜಿನಲ್ಲಿ ಇದೇ ಜಮೀನಿನ ಫೋಟೋ ಕೆಳಗೆ ‘ವೈಲ್ಡ್‌ಲೈಫ್ ವ್ಯೂ’ ಅಂತ ಇದೆ.

ಗೌಡರಿಗೆ ಎಪ್ಪತ್ತು ದಾಟಿದೆ. ಬೆಲೆ ಮಾತು ಬಂದಾಗ ಅವರು ಹೇಳಿದ್ದು ಇಷ್ಟೇ: “ನೀವೇ ಹೇಳಿ ಸಾರ್, ಓದಿರೋರು. ಏನು ಕೊಟ್ರೆ ನ್ಯಾಯ ಅನ್ಸುತ್ತೋ ಅದನ್ನ ಕೊಡಿ.”

ಇದು ಚೌಕಾಸಿಯ ಪಟ್ಟೂ ಆಗಿರಬಹುದು. ಹಳ್ಳಿಯವರೆಲ್ಲ ಮುಗ್ಧರು ಅನ್ನೋ ಸಿನಿಮಾ ಕಥೆಯಲ್ಲಿ ನನಗೆ ನಂಬಿಕೆ ಇಲ್ಲ. ಬೇಸಿಗೆಯಲ್ಲಿ ಹಳ್ಳದಲ್ಲಿ ನೀರು ಎಷ್ಟು ದಿನ ಇರುತ್ತೆ, ಪಹಣಿಯಲ್ಲಿರುವ ಎರಡು ಎಕರೆಯಲ್ಲಿ ಖರಾಬು ಎಷ್ಟು ಅನ್ನೋದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಆದರೂ ಪ್ರಶ್ನೆ ಪ್ರಶ್ನೆಯೇ. ಕೇಳಿದ ಮೇಲೆ ಉತ್ತರ ಹುಡುಕಬೇಕು.

ಮೊದಲು ಬೆಳೆಯ ಲೆಕ್ಕ ಹಾಕಿದೆ. ಎಕರೆಗೆ 20 ಕ್ವಿಂಟಾಲ್ ಭತ್ತ ಅಂದುಕೊಳ್ಳಿ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,300 ರೂಪಾಯಿ. ಒಟ್ಟು 46,000. ಉಳುಮೆ, ನಾಟಿ, ಗೊಬ್ಬರ, ಕೊಯ್ಲು ಕಳೆದು 20,000 ಉಳಿಯಿತು ಅಂತಲೇ ಇಟ್ಟುಕೊಳ್ಳೋಣ, ಆನೆ ದಯೆ ತೋರಿದ ವರ್ಷದ ಮಾತು ಇದು. ಬ್ಯಾಂಕಿನಲ್ಲಿ ಶೇ. 7ರ ಎಫ್‌ಡಿಯಿಂದ ಅಷ್ಟೇ ಬಡ್ಡಿ ಬರಬೇಕಾದರೆ ಮೂರು ಲಕ್ಷಕ್ಕಿಂತ ಕಡಿಮೆ ಇಟ್ಟರೂ ಸಾಕು. ಗದ್ದೆಯಾಗಿ ಈ ಗದ್ದೆಯ ಬೆಲೆ ಅಷ್ಟು. ಬ್ರೋಕರ್ ಬಾಯಲ್ಲಿ ಎಕರೆಗೆ 25 ಲಕ್ಷ. ಮಿಕ್ಕ 22 ಲಕ್ಷ ಯಾವುದರ ಬೆಲೆ?

ಅಮೆರಿಕದಲ್ಲಿ ಬೇಟೆಗೆಂದೇ ಜಮೀನು ಕೊಳ್ಳುವವರಿದ್ದಾರೆ. ಅಲ್ಲೂ ಇದೇ ಒಗಟು. ಟೆಕ್ಸಾಸ್‌ನಲ್ಲಿ ಬಹುಪಾಲು ಭೂಮಿ ಖಾಸಗಿಯವರದ್ದು, ಆದರೆ ಅದರ ಮೇಲೆ ಓಡಾಡುವ ಜಿಂಕೆ ಯಾರದ್ದೂ ಅಲ್ಲ, ರಾಜ್ಯದ ಜನರೆಲ್ಲರದ್ದು. ಮಾಲೀಕ ಮಾರುವುದು ಜಿಂಕೆಯನ್ನಲ್ಲ, ಜಿಂಕೆ ಇರುವ ಜಾಗಕ್ಕೆ ಕಾಲಿಡುವ ಹಕ್ಕನ್ನು. ಜೋಳ ಬೆಳೆಯೋಕೆ ಬಾರದ ಕುರುಚಲು ಗುಡ್ಡಕ್ಕೂ ಆ ಹಕ್ಕಿನಿಂದಲೇ ಬೆಲೆ ಬರುತ್ತೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಷಿಕಾರಿ ಕಥೆಗಳಲ್ಲಷ್ಟೇ ಉಳಿಯಿತು, ಆದರೆ ನಾವು ಕೊಳ್ಳಲು ಹೊರಟಿರುವುದೂ ಅಂಥದ್ದೇ ಸರಕು. ಮಂಜು, ಹಳ್ಳದ ಸದ್ದು, ಎದುರು ಗುಡ್ಡದ ಹಸಿರು. ಎದುರು ಗುಡ್ಡ ಗೌಡರದ್ದಲ್ಲ. ಅಲ್ಲಿ ನೆರಳು ಮರ ಕಡಿಯದೆ ಕಾಫಿ ಬೆಳೆಸಿದವರು ಬೇರೆಯವರು. ನಮ್ಮನ್ನು ಬೆಂಗಳೂರಿನಿಂದ ನಾಲ್ಕೈದು ಗಂಟೆಯಲ್ಲಿ ಅಲ್ಲಿಗೆ ಮುಟ್ಟಿಸುವ ಹೆದ್ದಾರಿ ಸರ್ಕಾರದ್ದು.

ಹಾಗಾದರೆ ಆ 22 ಲಕ್ಷ ಗೌಡರಿಗೇ ಯಾಕೆ ಸಿಗಬೇಕು ಅಂತ ನಮ್ಮಲ್ಲೊಬ್ಬ ವಾದಿಸಿದ. ಮಂಜನ್ನು ಅವರೇನು ತಯಾರು ಮಾಡಿದ್ರಾ? ಒಳ್ಳೆಯ ಪ್ರಶ್ನೆ. ಆದರೆ ನಾವೂ ತಯಾರು ಮಾಡಿಲ್ಲವಲ್ಲ. ಇಬ್ಬರೂ ದುಡಿಯದೆ ಬಂದದ್ದನ್ನು ಹಂಚಿಕೊಳ್ಳುವಾಗ, ಅದರ ಜೊತೆ ಬದುಕಿ ನಷ್ಟ ಉಂಡವನಿಗೆ ಮೊದಲ ಪಾಲು ಅನ್ನೋದು ನನ್ನ ಲೆಕ್ಕ. ಆನೆಯನ್ನೇ ತಗೊಳ್ಳಿ. ಅದು ಭತ್ತ ತುಳಿದದ್ದರ ಖರ್ಚು ಇಷ್ಟು ವರ್ಷ ಗೌಡರ ಮೇಲೆ ಬಿತ್ತು. ಈಗ ಅದನ್ನೇ ತೋರಿಸಿ ನಾವು ಬೆಲೆ ಇಳಿಸಿ ಕೊಂಡು, ನಾಳೆ ಹೋಮ್‌ಸ್ಟೇ ಮಾಡಿ ಅದೇ ಆನೆಯ ಹೆಸರಲ್ಲಿ ಬಾಡಿಗೆ ಏರಿಸಿದರೆ, ಒಂದೇ ಪ್ರಾಣಿಯಿಂದ ಎರಡು ಸಲ ಲಾಭ ತೆಗೆದ ಹಾಗೆ. ಇದು ನನಗೆ ಕಳ್ಳತನದ ತೀರಾ ಹತ್ತಿರ ಕಾಣುತ್ತೆ, ರಿಜಿಸ್ಟ್ರೇಷನ್ ಎಷ್ಟೇ ಸಾಚಾ ಆಗಿದ್ದರೂ.

ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸಂದರ್ಭ ಬರುತ್ತೆ. ಬರ ಬಿದ್ದ ರೋಡ್ಸ್ ದ್ವೀಪಕ್ಕೆ ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಹಲವು ಹಡಗು ಬರುತ್ತಿರುವುದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಹೇಳಬೇಕಾ? ಸುಳ್ಳು ಹೇಳದಿದ್ದರೆ ಸಾಕು, ಗೊತ್ತಿದ್ದನ್ನೆಲ್ಲ ಒದರಬೇಕಿಲ್ಲ ಅಂತಾನೆ ಡಯೋಜಿನಿಸ್. ಅವನ ಶಿಷ್ಯ ಆಂಟಿಪೇಟರ್, ಹೇಳಲೇಬೇಕು ಅಂತಾನೆ. ಸಿಸೆರೊ ಶಿಷ್ಯನ ಕಡೆ. ನಮ್ಮ ಕಾರ್ಪೊರೇಟ್ ಲೋಕ ಪೂರ್ತಿ ಗುರುವಿನ ಕಡೆ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಉಪಯೋಗಕ್ಕೆ ಬಂದ ಪರೀಕ್ಷೆ ಇದೇ. ನಮಗೆ ಗೊತ್ತಿರೋದನ್ನೆಲ್ಲ ಹೇಳಿದ ಮೇಲೂ ಗೌಡರು ಇದೇ ಬೆಲೆಗೆ ಕೊಡ್ತಾರಾ? ಯಾಕೆ ಕೊಳ್ತಿದ್ದೀವಿ, ಹೋಮ್‌ಸ್ಟೇ ಯೋಚನೆ ಇದೆಯಾ, ಸುತ್ತಮುತ್ತ ನಾವು ವಿಚಾರಿಸಿದ ಜಮೀನುಗಳು ಎಷ್ಟಕ್ಕೆ ಹೋದವು, ಎಲ್ಲ. ಮಾರ್ಗಸೂಚಿ ಬೆಲೆ ಇಲ್ಲಿ ನೆರವಿಗೆ ಬರಲ್ಲ. ಅದು ಸ್ಟ್ಯಾಂಪ್ ಡ್ಯೂಟಿಗೆ ಸರ್ಕಾರ ಹಾಕಿಕೊಂಡ ಗೆರೆ ಅಷ್ಟೇ.

ಒಪ್ಪಿಗೆಯನ್ನು ಕಾನೂನೇ ಪೂರ್ತಿ ನಂಬುವುದಿಲ್ಲ ಅನ್ನೋದನ್ನೂ ಗಮನಿಸಿ. 1978ರ ನಮ್ಮ ಪಿಟಿಸಿಎಲ್ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಮಾರಾಟ ಊರ್ಜಿತವಲ್ಲ, ಇಬ್ಬರೂ ಒಪ್ಪಿ ಸಹಿ ಹಾಕಿದ್ದರೂ ಅಷ್ಟೇ. ಕಷ್ಟದಲ್ಲಿರುವವನ ಸಹಿಗೆ ಎಷ್ಟು ತೂಕ ಅನ್ನೋದು ಆ ಕಾಯ್ದೆ ಬರೆದವರಿಗೆ ಗೊತ್ತಿತ್ತು. ಇನ್ನು 2013ರ ಕೇಂದ್ರದ ಭೂಸ್ವಾಧೀನ ಕಾಯ್ದೆಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಕಲಂ ಇದೆ, 102ನೆಯದು. ಸ್ವಾಧೀನವಾದ ಜಮೀನನ್ನು ಏನೂ ಅಭಿವೃದ್ಧಿ ಮಾಡದೆ ಐದು ವರ್ಷದೊಳಗೆ ಹೆಚ್ಚಿನ ಬೆಲೆಗೆ ದಾಟಿಸಿದರೆ, ಏರಿದ ಬೆಲೆಯ ಶೇ. 40 ಭಾಗವನ್ನು ಮೂಲ ಮಾಲೀಕರಿಗೆ ಹಂಚಬೇಕು. ಅಂದರೆ ಸಹಿ ಬಿದ್ದ ದಿನವೇ ಲೆಕ್ಕ ಮುಗಿಯಲ್ಲ. ಇದು ನಮ್ಮಂಥ ಖಾಸಗಿ ಖರೀದಿಗೆ ಅನ್ವಯಿಸಲ್ಲ, ನಿಜ. ಹಾಗಂತ ನಾವಾಗಿಯೇ ಬರೆದುಕೊಳ್ಳೋದನ್ನು ಯಾರೂ ತಡೆದಿಲ್ಲ.

ಒಂದು ವಿಷಯಕ್ಕೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ. ಗೌಡರಿಗೆ ಕೈತುಂಬ ಕೊಟ್ಟೆವು ಅಂತಿಟ್ಟುಕೊಳ್ಳಿ. ಪಕ್ಕದ ಮನೆ ಹುಡುಗ, ಅಲ್ಲೇ ಇದ್ದು ಕಾಫಿ, ಮೆಣಸು ಬೆಳೀಬೇಕು ಅಂತಿರೋನು, ಆ ಬೆಲೆಗೆ ಇನ್ನೊಂದು ಎಕರೆ ಯಾವ ಜನ್ಮದಲ್ಲೂ ಕೊಳ್ಳಲಾರ. ಗೌಡರ ತಂದೆಗೆ ಈ ಗದ್ದೆ ಬಂದದ್ದು 1974ರ ತಿದ್ದುಪಡಿಯ ನಂತರ, ಡಿಕ್ಲರೇಷನ್ ಕೊಟ್ಟು, ‘ಉಳುವವನೇ ಹೊಲದೊಡೆಯ’ ಅನ್ನೋ ಕಾಲದಲ್ಲಿ. ಈಗ ಅದು ಉಳದವರ ಕೈಗೆ ಬರುತ್ತಿದೆ. ಕಡಿಮೆ ಕೊಟ್ಟರೆ ಗೌಡರಿಗೆ ಅನ್ಯಾಯ, ಜಾಸ್ತಿ ಕೊಟ್ಟರೆ ಆ ಹುಡುಗನಿಗೆ. ಕೊಳ್ಳದೇ ಇದ್ದರೆ? ಇನ್ನೊಬ್ಬ ಕೊಳ್ತಾನೆ ಅನ್ನೋದು ಬಹಳ ಸುಲಭದ ಸಮಾಧಾನ, ನಾನು ಅದನ್ನು ಬಳಸಲ್ಲ. ಗದ್ದೆ ಭಾಗವನ್ನು ಅವನಿಗೇ ಬೇಸಾಯಕ್ಕೆ ಬಿಡೋಣ ಅಂದುಕೊಂಡಿದ್ದೇವೆ. ಅದರಿಂದ ಅವನಿಗೆ ಭತ್ತ ಸಿಗಬಹುದು, ಒಡೆತನ ಸಿಗಲ್ಲ.

ನಾವು ಹೇಳಿದ ಬೆಲೆ ಎಕರೆಗೆ 25 ಲಕ್ಷ, ಆನೆ ಹೆಸರಲ್ಲಿ ಒಂದು ರೂಪಾಯಿಯೂ ಕಡಿತ ಇಲ್ಲ. ಪೂರ್ತಿ ಬ್ಯಾಂಕ್ ಮೂಲಕ. ಜೊತೆಗೆ ಒಂದು ಕರಾರು: ಐದು ವರ್ಷದೊಳಗೆ ನಾವು ಹೆಚ್ಚಿಗೆ ಮಾರಿದರೆ, ಹೆಚ್ಚಾದದ್ದರಲ್ಲಿ ಶೇ. 40 ಅವರಿಗೆ. ನಮ್ಮ ವಕೀಲರು ಕನ್ನಡಕ ತೆಗೆದು ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಬರೆದುಕೊಟ್ಟರು. ಗೌಡರು ಓದಿಸಿ ಕೇಳಿ, “ಐದು ವರ್ಷ ನಾನು ಇರ್ಬೇಕಲ್ಲ ಸಾರ್” ಅಂತ ನಕ್ಕರು. ಹಾಗಾಗಿ ಅದರಲ್ಲಿ ಅವರ ಮಗಳ ಹೆಸರೂ ಸೇರಿತು. ಇನ್ನು ಪೋಡಿ ಆಗಬೇಕು. ಸರ್ವೇಯರ್ ಬರುವ ದಿನ ಕಾಯ್ತಾ ಇದ್ದೇವೆ.