ಮಳೆ ಕೊಂಡೊಯ್ದ ಕೊಳೆ ಯಾರದು?

ಬೇಸಿಗೆಯ ಕೊನೆಯಲ್ಲಿ ಮಂಡ್ಯ, ಮದ್ದೂರು ಅಥವಾ ಮಳವಳ್ಳಿಯ ಪೇಟೆಬೀದಿಯಲ್ಲಿ ಮೊದಲ ದೊಡ್ಡ ಮಳೆ ಸುರಿಯುವಾಗ ಚರಂಡಿಯ ಬಳಿ ಒಂದು ಕ್ಷಣ ನಿಂತು ನೋಡಿ. ಗ್ಯಾರೇಜಿನ ಮುಂದೆ ಸೋರಿದ ಎಣ್ಣೆ ಕಾಮನಬಿಲ್ಲಿನ ಬಣ್ಣ ತಾಳಿ ತೇಲುತ್ತದೆ. ಹೋಟೆಲಿನ ಹಿತ್ತಲ ಜಿಡ್ಡು, ಕೋಳಿ ಅಂಗಡಿಯ ರಕ್ತ, ಗೊಬ್ಬರದಂಗಡಿಯ ಬಾಗಿಲಲ್ಲಿ ಚೆಲ್ಲಿದ ಯೂರಿಯಾ ಅದರ ಜೊತೆಗೂಡುತ್ತವೆ. ಊರ ಹೊರಗೆ ಆಲೆಮನೆಯಂಗಳದ ಬೂದಿ, ಮಡ್ಡಿಗಳೂ ಹೀಗೆಯೇ ಹರಿಯುತ್ತವೆ. ಅರ್ಧ ಗಂಟೆಯಲ್ಲಿ ಬೀದಿ ತೊಳೆದಂತಾಗುತ್ತದೆ. ಆದರೆ ಮಳೆ ಕೊಂಡೊಯ್ದ ಆ ಕೊಳೆ ಯಾರದು?

“ನಾನೇನೂ ಹೊಳೆಗೆ ವಿಷ ಸುರಿಯಲಿಲ್ಲ, ಮಳೆ ಬಂತು, ಕೊಚ್ಚಿಕೊಂಡು ಹೋಯಿತು” ಎಂಬುದು ನಮ್ಮ ಸಾಮಾನ್ಯ ಉತ್ತರ. ಕೇಡಿನ ಉದ್ದೇಶವಿಲ್ಲದಿದ್ದರೆ ತಪ್ಪೂ ಇಲ್ಲವೇ? ವಿಮೋಚನಾಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ಕಟ್ಟಳೆಯಿದೆ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ಬಿದ್ದು ಸತ್ತ ಎತ್ತಿನ ಬೆಲೆಯನ್ನು ಒಡೆಯನಿಗೆ ತೆರಬೇಕು. ಅವನು ಎತ್ತನ್ನು ತಳ್ಳಲಿಲ್ಲ. ಒಡೆಯನ ಮೇಲೆ ಅವನಿಗೆ ಹಗೆಯೂ ಇರಲಿಲ್ಲ. ಮುಚ್ಚಬಹುದಾಗಿತ್ತು, ಮುಚ್ಚಲಿಲ್ಲ, ಅಷ್ಟೇ. ಎತ್ತು ಆ ದಾರಿಯಲ್ಲಿ ಬರುವುದೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ಮಳೆ ಬರುವುದಂತೂ ನಮಗೆ ತಿಳಿದೇ ಇದೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಶೌಚದ ನೀರಿಗಾಗಿ ಹಾಕುವ ಒಳಚರಂಡಿಯ ಕೊನೆಯಲ್ಲಿ ಶುದ್ಧೀಕರಣ ಘಟಕವಿರಬೇಕೆಂಬ ಏರ್ಪಾಡಿದೆ. ಮಳೆನೀರಿನ ಚರಂಡಿಗೆ ಅದಿಲ್ಲ. ಅದು ನೇರವಾಗಿ ಹಳ್ಳಕ್ಕೋ ಕೆರೆಗೋ ಹೊಳೆಗೋ ಸೇರುತ್ತದೆ. ಮದ್ದೂರಿನ ಪಕ್ಕದಲ್ಲಿ ಹರಿಯುವ ಶಿಂಷೆ ಮಳವಳ್ಳಿ ಸೀಮೆಯನ್ನು ಹಾದು ಕಾವೇರಿಯನ್ನು ಕೂಡುತ್ತದೆ. ಜಿಡ್ಡು, ರಕ್ತ, ಮಡ್ಡಿಗಳು ನೀರಿನಲ್ಲಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಅಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಬಿಡುತ್ತವೆ. ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಅಂಗಡಿಯ ಮುಂದೆ ಎರಡು ಹಿಡಿ ಮರದ ಹೊಟ್ಟಿನಿಂದ ಹೀರಿಸಿ ತೆಗೆಯಬಹುದಾದ ಎಣ್ಣೆಯನ್ನು ಹೊಳೆಯಿಂದ ಯಾರು ತೆಗೆದಾರು? ಆದ್ದರಿಂದಲೇ ಈ ಹೊಣೆಯನ್ನು ಕೆಳಗಿನವರಿಗೆ ದಾಟಿಸಲಾಗದು.

“ದೊಡ್ಡ ಕಾರ್ಖಾನೆಗಳನ್ನು ಬಿಟ್ಟು ಬಡ ಅಂಗಡಿಯವನನ್ನೇಕೆ ಕೇಳುತ್ತೀರಿ?” ಎನ್ನಬಹುದು. ಪ್ರಶ್ನೆ ನ್ಯಾಯವಾದುದೇ. ದೊಡ್ಡವರನ್ನು ಕೇಳಲು 1974ರ ಜಲಮಾಲಿನ್ಯ ತಡೆ ಕಾಯಿದೆಯಿದೆ, ಧೈರ್ಯದಿಂದ ಕೇಳೋಣ. ಆದರೆ ಮತ್ತೊಬ್ಬನ ದೊಡ್ಡ ತಪ್ಪು ನನ್ನ ಸಣ್ಣ ತಪ್ಪಿಗೆ ಕ್ಷಮೆಯಾಗುವುದಿಲ್ಲ.

ಇದನ್ನು ನಾನು ಬೋಧಕನಾಗಿ ಮಾತ್ರ ಬರೆಯುತ್ತಿಲ್ಲ. ಒಂದು ವರ್ಷ ನಮ್ಮ ದೇವಾಲಯದ ಹಬ್ಬದ ಊಟ ಮುಗಿದ ಮೇಲೆ ಬಾಣಲೆಗಳ ಕರಿದ ಎಣ್ಣೆಯನ್ನು ರಸ್ತೆಬದಿಯ ಮೋರಿಗೆ ಸುರಿಯುವುದನ್ನು ಕಣ್ಣಾರೆ ಕಂಡೆ. ದಣಿದ ಸ್ವಯಂಸೇವಕರನ್ನು ತಡೆಯಲು ಸಂಕೋಚವಾಗಿ ಸುಮ್ಮನಾದೆ. ಆ ಮೌನಕ್ಕೆ ಕರ್ತವ್ಯಲೋಪವೆಂದೇ ಹೆಸರು.

ಮಾಡಬೇಕಾದದ್ದು ಕಷ್ಟವೇನಲ್ಲ. ಮಳೆಗಾಲಕ್ಕೆ ಮುನ್ನ ಅಂಗಳವನ್ನು ನೀರು ಹಾಕಿ ತೊಳೆಯದೆ ಒಣಗಿದ್ದಾಗಲೇ ಗುಡಿಸೋಣ. ಗ್ಯಾರೇಜಿನ ಹಳೆಯ ಎಣ್ಣೆಯನ್ನು ಡಬ್ಬದಲ್ಲಿ ಶೇಖರಿಸಿ ಅಧಿಕೃತ ಸಂಸ್ಕರಣೆದಾರರಿಗೆ ಒಪ್ಪಿಸೋಣ. ಗೊಬ್ಬರ, ಬೂದಿಗಳಿಗೆ ಸೂರು ಮಾಡೋಣ. ಹೋಟೆಲಿನ ಮೋರಿಗೆ ಜಿಡ್ಡು ತಡೆಯುವ ತೊಟ್ಟಿ ಕಟ್ಟೋಣ. ಕರಿದ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಿಸುವ ಯೋಜನೆಯನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲೇ ಆರಂಭಿಸಿದೆ. ಇದಕ್ಕೆ ತಗಲುವ ಖರ್ಚಿನಲ್ಲಿ ಗಿರಾಕಿಗಳಾದ ನಮಗೂ ಪಾಲಿದೆ. ಶುಚಿಯಾಗಿ ದುಡಿಯುವ ಅಂಗಡಿಯವನು ಎರಡು ರೂಪಾಯಿ ಹೆಚ್ಚು ಕೇಳಿದರೆ ಪಕ್ಕದಂಗಡಿಗೆ ಓಡದಿರೋಣ.

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಬೆಂಗಳೂರಿನ ಮನೆಮನೆಗೂ ಏರುತ್ತದೆ. ಆ ನಗರದಲ್ಲಿರುವ ನಮ್ಮ ಮಕ್ಕಳು ಅದನ್ನೇ ಕುಡಿಯುತ್ತಾರೆ. ಮೇಲಿನವರು ನೀರನ್ನು ಕೆಡಿಸದಿರಲೆಂದು ನಾವು ಬಯಸುತ್ತೇವೆ. ನಮ್ಮ ಬೀದಿಗೂ ಕೆಳಗೊಂದು ಊರಿದೆ. ಅಲ್ಲಿಯೂ ಒಬ್ಬ ತಾಯಿ ಬಿಂದಿಗೆ ಹಿಡಿದು ನೀರಿಗೆ ಬರುತ್ತಾಳೆ. ಅವಳೂ ನಮ್ಮ ನೆರೆಯವಳೇ.